ಕಂಬ ಸೋಲುವುದು ಸೊರಗಿದ ಕಡೆಗೇ

ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಿ ನೋಡಿ. ಪುಡಿಯಾಗುವುದಿಲ್ಲ, ಪಟ್ಟಂತ ಪಕ್ಕಕ್ಕೆ ಬಾಗುತ್ತದೆ, ಅದೂ ತೆಳ್ಳಗಿರುವ ಕಡೆಗೇ. ಬಕ್ಲಿಂಗ್ ಅಂದರೆ ಇದೇ.

ಮೊನ್ನೆ ಒಂದು ಶೆಡ್‌ಗೆ 4 ಮೀಟರ್ ಕಂಬದ ಲೆಕ್ಕ ಹಾಕುತ್ತಿದ್ದೆ. ಐಎಸ್‌ಎಂಬಿ 300, ಅಂದರೆ 300 ಮಿ.ಮೀ. ಆಳದ, ‘I’ ಆಕಾರದ ಉಕ್ಕಿನ ಸೆಕ್ಷನ್, ನೋಡೋಕೆ ದಷ್ಟಪುಷ್ಟ. ಆದರೆ ಅದರ ರೇಡಿಯಸ್ ಆಫ್ ಜೈರೇಶನ್ (ಉಕ್ಕು ನಡುವಿನಿಂದ ಎಷ್ಟು ದೂರ ಹರಡಿದೆ ಅನ್ನುವ ಅಳತೆ) ಒಂದು ಕಡೆ ಸುಮಾರು 124 ಮಿ.ಮೀ., ಇನ್ನೊಂದು ಕಡೆ ಬರೀ 28. ಎರಡೂ ತುದಿ ಪಿನ್, ಅಂದರೆ ಜರುಗದೆ ತಿರುಗಬಲ್ಲವು ಅಂದುಕೊಂಡರೆ ಸ್ಲೆಂಡರ್‌ನೆಸ್ (ಉದ್ದವನ್ನು ಈ ಅಳತೆಯಿಂದ ಭಾಗಿಸಿದ್ದು, ಹೆಚ್ಚಾದಷ್ಟೂ ಬೇಗ ಬಾಗುತ್ತದೆ) ಗಟ್ಟಿ ಕಡೆ 32, ಸೊರಗಿದ ಕಡೆ 140 ದಾಟುತ್ತದೆ! ಆ ಕಡೆಗೆ ನಡುವೆ ಒಂದು ಬ್ರೇಸ್ (ಅಡ್ಡ ಆಸರೆ) ಕೊಟ್ಟರೆ ಬಾಗುವ ಉದ್ದ ಅರ್ಧ, ಕಂಬ ಯಾವ ಭಾರಕ್ಕೆ ಬಾಗುತ್ತದೆ ಅಂತ ಹೇಳುವ ಆಯ್ಲರ್ ಸೂತ್ರದಲ್ಲಿ ತಾಕತ್ತು 4 ಪಟ್ಟು. ಸುಮ್ನೆ ಕಂಬ ದಪ್ಪ ಮಾಡುವುದಕ್ಕಿಂತ ವಾಸಿ, ಅಲ್ವಾ?

ಆದರೆ ಆಯ್ಲರ್‌ನ ಕಂಬ ದಾರ ಹಿಡಿದಷ್ಟು ನೇರ. ಸೈಟಿಗೆ ಬರುವುದು ಸ್ವಲ್ಪ ಸೊಟ್ಟ, ಮಿಲ್‌ನಲ್ಲಿ ತಣ್ಣಗಾಗುವಾಗ ಒಳಗೇ ಒತ್ತಡ ಉಳಿಸಿಕೊಂಡದ್ದು, ಹಾಗಾಗಿ ಪೂರ್ತಿ 4 ಪಟ್ಟು ಕೈಗೆ ಸಿಗುವುದಿಲ್ಲ. ಉಕ್ಕಿನ ಕಟ್ಟಡಗಳ ಭಾರತೀಯ ಕೋಡ್ ಐಎಸ್ 800:2007ರಲ್ಲಿ ಎ, ಬಿ, ಸಿ, ಡಿ ಅಂತ 4 ಬಕ್ಲಿಂಗ್ ಕರ್ವ್ (ತಾಕತ್ತನ್ನು ಎಷ್ಟು ಇಳಿಸಬೇಕು ಅಂತ ತೋರಿಸುವ ಗೆರೆಗಳು) ಇರುವುದು ಇದಕ್ಕೇ. ನಾನು ಎರಡೂ ಕಡೆಗೆ ಎ ಹಾಕಿಬಿಟ್ಟಿದ್ದೆ. ಈ ಸೆಕ್ಷನ್‌ಗೆ ಸೊರಗಿದ ಕಡೆ ಬಿ ಹಾಕಬೇಕು. ಸೀನಿಯರ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಏನೂ ಹೇಳದೆ ಹಾಳೆ ವಾಪಸ್ ಕೊಟ್ಟರು.