ಬೇಕಲದಲ್ಲಿ ಒಳ್ಳೆಯ ಫೋಟೋ ಬೇಕೇ? ಸಂಜೆ ಹೋಗಬೇಡಿ

ಕಾಸರಗೋಡು ಜಿಲ್ಲೆಯ ಕಡಲಂಚಿನ ಬೇಕಲ ಕೋಟೆಯ ಮೇಲೆ ನಿಂತು ಸೂರ್ಯಾಸ್ತದ ಫೋಟೋ ತೆಗೆಯಿರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೂರ್ಯ ಇನ್ನೂ ನೀರಿನಿಂದ ಮೇಲಿರುವಾಗಲೇ ಹೊರಗೆ ಹೊರಡಿ ಎನ್ನುವ ಕಾವಲುಗಾರರ ಸೀಟಿ ಶುರುವಾಗುತ್ತದೆ. ಅಷ್ಟರಲ್ಲಿ ಕೋಟೆಯ ಜನವೆಲ್ಲ ಸಮುದ್ರದ ಬುರುಜಿಗೆ ಬಂದು ಸೇರಿರುತ್ತದೆ. ನನ್ನ ಮೊಬೈಲಿನಲ್ಲಿ ಉಳಿದದ್ದು ಅಪರಿಚಿತರ ಮೊಣಕೈ ಮತ್ತು ಸೆಲ್ಫಿ ಕೋಲುಗಳು. ಗದ್ದಲವೆಂದರೆ ನನಗೆ ಮೊದಲೇ ಆಗದು. ಜಾತ್ರೆಯಲ್ಲೂ ಆರಾಮಾಗಿರುವವರು ಈ ಮಾತನ್ನು ಸ್ವಲ್ಪ ರಿಯಾಯಿತಿ ಕೊಟ್ಟು ಓದಿಕೊಳ್ಳಬಹುದು.

ಮೊದಲು ಬಸ್ಸಿನ ವಿಷಯ. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿಗಳಿವೆ. ಒಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಮೂಲಕ ಕರಾವಳಿಗುಂಟ ಹೋಗುತ್ತದೆ. ಇನ್ನೊಂದು ಚೆರ್ಕಳ, ಪೊಯಿನಾಚಿ ಮೂಲಕ ಹೆದ್ದಾರಿಯಲ್ಲಿ. ಕೋಟೆ ಇರುವುದು ಮೊದಲನೆಯ ದಾರಿಯಲ್ಲಿ. ಬೇಕಲಕ್ಕೆ ಹೋಗುತ್ತದೆಯೇ ಎಂದು ಕೇಳಿದಾಗ ಖಾಸಗಿ ಬಸ್ಸೊಂದರ ನಿರ್ವಾಹಕ, "ಬನ್ನಿ ಅಣ್ಣಾ, ಹತ್ತಿ" ಎಂದ. ಪೊಯಿನಾಚಿ ಬಂದಾಗ, "ಇಲ್ಲಿಂದ ಆಟೋ ಸಿಗುತ್ತದೆ" ಎಂದು ಇಳಿಸಿ ಸೀಟಿ ಊದಿದ. ಆಟೋ ಬಾಡಿಗೆ ಕೇಳಿದ ಮೇಲೆ ಬಸ್ಸಿನ ಟಿಕೆಟ್ ಪುಕ್ಕಟೆ ಎನಿಸಿತು. ಬೇಕಲದ ಹೆಸರೆತ್ತಬೇಡಿ, "ಚಂದ್ರಗಿರಿ ದಾರಿಯೇ?" ಎಂದು ಕೇಳಿ. ಬೋರ್ಡು ಮಲಯಾಳದಲ್ಲಿದ್ದರೇನಂತೆ, ಕನ್ನಡ ತಿಳಿಯುವವರು ಸುತ್ತ ಇದ್ದೇ ಇರುತ್ತಾರೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತಲೇ ಹೋದಾಗ ಅದು ಬೇರೆಯೇ ಕೋಟೆಯಂತಿತ್ತು. ಕೆಳದಿಯ ಶಿವಪ್ಪನಾಯಕ 1650ರ ಸುಮಾರಿಗೆ ಕಟ್ಟಿಸಿದ ಈ ಕೋಟೆ ಹರಡಿರುವುದು ಸುಮಾರು 40 ಎಕರೆಯಲ್ಲಿ, ಆದರೆ ಜನ ಮುತ್ತುವುದು ಎರಡೇ ಕಡೆ: ಸಮುದ್ರದ ಬುರುಜು, ನಡುವಿನ ವೀಕ್ಷಣಾ ಗೋಪುರ. ಹಾಗಾಗಿ ಮೊದಲ ಅರ್ಧ ಗಂಟೆಯನ್ನು ಆ ಎರಡಕ್ಕೇ ಕೊಡಿ, ಉಳಿದದ್ದಕ್ಕೆ ಅವಸರವಿಲ್ಲ. ಆ ಹೊತ್ತಿನ ಓರೆ ಬಿಸಿಲು ಮುರಕಲ್ಲಿನ ಗೋಡೆಗೆ ಬಿದ್ದಾಗ ಕಲ್ಲಿನ ಒಂದೊಂದು ತೂತಿನಲ್ಲೂ ನೆರಳು ನಿಂತು ಕೆಂಪು ಎದ್ದು ಕಾಣುತ್ತದೆ. ಸಂಜೆ ಸಮುದ್ರದ ಕಡೆಗೆ ಮುಖ ಮಾಡಿದರೆ ಅದೇ ಗೋಡೆ ಬರೀ ಕಪ್ಪು.

ಬುರುಜಿನ ಕೋವಿ ಕಿಂಡಿಗಳನ್ನು ಬಿಡಬೇಡಿ. ದೂರದ ಶತ್ರುವಿಗೆ ಮೇಲಿನವು, ಹತ್ತಿರ ಬಂದವನಿಗೆ ಕೆಳಗಿನವು. ಎಲ್ಲರೂ ನಿಂತೇ ಫೋಟೋ ತೆಗೆಯುವುದರಿಂದ ಕೆಳಗಿನವು ಯಾವಾಗಲೂ ಖಾಲಿ. ಕುಕ್ಕರಗಾಲಿನಲ್ಲಿ ಕುಳಿತು, ಪರದೆಯಲ್ಲಿ ಕಾಣುವ ಸಮುದ್ರದ ಮೇಲೆ ಬೆರಳೊತ್ತಿ ಬೆಳಕು ಇಳಿಸಿ. ಕಲ್ಲು ಕಪ್ಪು ಚೌಕಟ್ಟಾಗುತ್ತದೆ, ನೀರಿನ ಬಣ್ಣ ಉಳಿಯುತ್ತದೆ, ಚಿತ್ರದೊಳಗೆ ಒಬ್ಬ ಮನುಷ್ಯನೂ ಬರುವುದಿಲ್ಲ. ಜನರನ್ನು ಆಮೇಲೆ ಮೊಬೈಲಿನಲ್ಲೇ ಅಳಿಸಿದರಾಯಿತು ಎಂಬ ಲೆಕ್ಕ ಮುರಕಲ್ಲಿನ ಮುಂದೆ ನಡೆಯುವುದಿಲ್ಲ. ಅಳಿಸಿದ ಜಾಗ ಸಗಣಿ ಸಾರಿಸಿದಂತೆ ನುಣ್ಣಗಾಗುತ್ತದೆ. ಉಪ್ಪುಗಾಳಿಗೆ ಲೆನ್ಸು ಬೇಗ ಮಬ್ಬಾಗುವುದರಿಂದ ಹತ್ತಿಬಟ್ಟೆ ಕಿಸೆಯಲ್ಲಿರಲಿ. ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಟ್ರೈಪಾಡ್, ಡ್ರೋನ್ ಹೊತ್ತುಕೊಂಡು ಹೋಗಬೇಡಿ. ಹತ್ತರ ಮೇಲೆ ಒಳಗೆ ನೆರಳೂ ಇಲ್ಲ, ಫೋಟೋವೂ ಇಲ್ಲ. ಸೂರ್ಯಾಸ್ತ ಬೇಕೇ ಬೇಕೆಂದರೆ ಕೋಟೆಯ ಹೊರಗೆ ಪಳ್ಳಿಕ್ಕರೆಯ ಕಡಲ ತೀರವಿದೆ. ಅಲ್ಲೂ ಜನವಿರುತ್ತದೆ, ಆದರೆ ಮರಳಿಗೇನು ಬರ.

ಅನಂತಪುರದ ಕೆರೆ ದೇವಸ್ಥಾನಕ್ಕೂ ಹೋಗಿದ್ದೆ. ಅಲ್ಲಿನ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತ ಮೇಲೆ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ. ಅದನ್ನೇ ಕಾಯುತ್ತಾ ಕೂರುವ ಬದಲು ಗಾಳಿ ಬೀಸದ ಹೊತ್ತಿನಲ್ಲಿ ಗುಡಿಯ ಪ್ರತಿಬಿಂಬ ತೆಗೆಯಿರಿ. ಗರ್ಭಗುಡಿಯ ಕಡೆ ಮೊಬೈಲ್ ಎತ್ತಬೇಡಿ.

ಊಟ ತಿಂಡಿಗೆ ಬೀಚ್ ಪಕ್ಕದ ದುಬಾರಿ ಹೋಟೆಲುಗಳು ಬೇಡವೇ ಬೇಡ. ಕಾಸರಗೋಡಿನ ಹಳೆ ಬಸ್ ನಿಲ್ದಾಣದಿಂದ ಒಳಗೆ ಹೋಗುವ ಓಣಿಯೊಂದರಲ್ಲಿ ಹೆಸರಿನ ಹಲಗೆಯೇ ಇಲ್ಲದ ಹೋಟೆಲಿದೆ, ನಾಲ್ಕೇ ಮೇಜು. ಅಲ್ಲಿ ಸಜ್ಜಿಗೆ ಬಜಿಲ್ ತಿನ್ನಿ. ತೆಂಗಿನತುರಿ, ಬೆಲ್ಲ, ಖಾರ ಹಾಕಿ ಕಲಸಿದ ತೆಳು ಅವಲಕ್ಕಿಯ ಮೇಲೆ ಬಿಸಿ ಉಪ್ಪಿಟ್ಟು ಬಡಿಸುತ್ತಾರೆ. ಎರಡನ್ನೂ ಬೆರಳಲ್ಲಿ ಬೆರೆಸಿಕೊಂಡಾಗ ಕೆಳಗಿನ ಅವಲಕ್ಕಿ ಅರ್ಧ ಮೆತ್ತಗಾಗಿ ಇನ್ನರ್ಧ ಗರಿಗರಿ ಉಳಿದಿರುತ್ತದೆ. ಯಜಮಾನರು ಬಂದು, "ಇನ್ನು ಸ್ವಲ್ಪ ಹಾಕಲೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಕಿಬಿಟ್ಟರು. ಅದಕ್ಕೆ ಬೇರೆ ದುಡ್ಡಿಲ್ಲ. ಗಟ್ಟಿ ಚಹಾ ಸೇರಿಸಿಯೂ ಐವತ್ತರ ನೋಟಿಗೆ ಚಿಲ್ಲರೆ ಬಂತು. ಕೋಟೆಯಿಂದ ಹತ್ತಕ್ಕೆ ಹೊರಟರೆ ಸರಿಹೋಗುತ್ತದೆ. ಹನ್ನೊಂದು ದಾಟಿದರೆ ಬಜಿಲ್ ಖಾಲಿ, ಸಿಗುವುದು ಆರಿದ ಬನ್ಸ್ ಮಾತ್ರ.