ಬೋರಿಸ್ ಜಾನ್ಸನ್ನನ ಗಾಳಿ, ನಮ್ಮ ಕಾಕಾನ ಫ್ಯಾನ್

ಗಾಳಿವಿದ್ಯುತ್ತಿನ ಬಗ್ಗೆ ಬೋರಿಸ್ ಜಾನ್ಸನ್ ಮಾತು ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಬದಲಿಸಿದ ಹೊತ್ತಿನ ಬಗ್ಗೆ ಇದೆ.

ವಿಜಯಪುರದಲ್ಲಿ ಮೋಟಾರ್ ರಿವೈಂಡಿಂಗ್ ಮಾಡೋನಿಗೆ ಬ್ರಿಟನ್ನಿನ ಮಾಜಿ ಪ್ರಧಾನಿಯ ಉಸಾಬರಿ ಯಾಕೆ ಅಂತೀರಾ? ಸುಟ್ಟ ಕಾಯಿಲ್ ಬಿಚ್ಚುವಾಗ ಕೈಗೆ ಕೆಲಸ, ಕಿವಿ ಖಾಲಿ. ಕರೆಂಟಿನ ಸುದ್ದಿ ಯಾವ ದೇಶದ್ದಾದರೂ ಕೇಳ್ತಾ ಕೂಡ್ತೀನಿ.

2013ರಲ್ಲಿ ಈತ ಲಂಡನ್ ಮೇಯರ್. ಲೇಬರ್ ಪಕ್ಷದವರು ಹಾಕಿಸಿದ ಗಾಳಿಯಂತ್ರಗಳಿಗೆ ಪಾಯಸದ ಮೇಲಿನ ಕೆನೆ ಎಳೆಯುವಷ್ಟೂ ಕಸುವಿಲ್ಲ ಅಂತ ಗೇಲಿ ಮಾಡಿ, ಶೇಲ್ ಗ್ಯಾಸ್ (ನೆಲದಾಳದ ಕಲ್ಲಿನ ಪದರಿನಲ್ಲಿರೋ ಅನಿಲ) ಕಡೆ ನೋಡೋಣ ಅಂದಿದ್ದ. 2019ರ ಜುಲೈಯಲ್ಲಿ ಪ್ರಧಾನಿಯಾದ. ನವೆಂಬರಿನಲ್ಲಿ ಅವನದೇ ಸರ್ಕಾರ ಇಂಗ್ಲೆಂಡಿನಲ್ಲಿ ಆ ಗ್ಯಾಸ್ ತೆಗೆಯೋದಕ್ಕೆ ತಡೆ ಹಾಕಿತು. 2020ರ ಅಕ್ಟೋಬರಿನಲ್ಲಿ ಹೊಸ ಘೋಷಣೆ: 2030ರೊಳಗೆ ಸಮುದ್ರದ ಗಾಳಿಯಿಂದ 40 ಗಿಗಾವಾಟ್, ದೇಶದ ಪ್ರತಿ ಮನೆಗೂ ಕರೆಂಟು. ನಮ್ಮ ಕೂಡಗಿ ವಿದ್ಯುತ್ ಸ್ಥಾವರ 2400 ಮೆಗಾವಾಟಿನದು, ಅಂದರೆ 2.4 ಗಿಗಾವಾಟ್. ಅಂಥ ಹದಿನಾರು-ಹದಿನೇಳು ಕೂಡಗಿ ಅಂತ ತಿಳೀರಿ. (ಗಾಳಿ ಸದಾ ಬೀಸೋದಿಲ್ಲ, ಲೆಕ್ಕ ಬರೇ ಗಾತ್ರಕ್ಕೆ.) ಅದೇ ಭಾಷಣದಲ್ಲಿ, ಹಿಂದೆ ‘ಕೆಲವರು’ ಗಾಳಿವಿದ್ಯುತ್ತನ್ನು ಪಾಯಸದ ಮಾತಾಡಿ ಹೀಯಾಳಿಸುತ್ತಿದ್ದರು ಅಂದ. ಆ ಕೆಲವರಲ್ಲಿ ತಾನೂ ಒಬ್ಬ ಅನ್ನಲಿಲ್ಲ. ಜಾಣ!

ಇಲ್ಲಿವರೆಗೂ ನಾನು ಮೆಚ್ಚಿದ್ದೆ. ಆದರೆ ಸಮುದ್ರದಲ್ಲಿ ಓಟಿಲ್ಲ ನೋಡ್ರಿ. ಇಂಗ್ಲೆಂಡಿನ ನೆಲದ ಮೇಲೆ ಮಾತ್ರ 2015ರಿಂದ ಬಿಗಿ ನಿಯಮ ಇತ್ತು. ಊರವರ ತಕರಾರು ಬಂತೆಂದರೆ ಯಂತ್ರ ಏಳೋದು ಕಷ್ಟವಿತ್ತು. ಅದನ್ನು ತಂದಿದ್ದು ಇವನದೇ ಕನ್ಸರ್ವೇಟಿವ್ ಪಕ್ಷದ ಸರ್ಕಾರ. 2022ರ ಏಪ್ರಿಲ್ ಯೋಜನೆಯಲ್ಲಿ ಸಮುದ್ರದ ಗುರಿಯನ್ನು 50 ಗಿಗಾವಾಟಿಗೆ ಏರಿಸಿದ, ನೆಲದ ನಿಯಮ ಹೆಚ್ಚುಕಡಿಮೆ ಹಾಗೇ ಬಿಟ್ಟ. ಪಕ್ಷದೊಳಗೆ ವಿರೋಧವಿತ್ತು. ಸೆಪ್ಟೆಂಬರಿನಲ್ಲಿ ಕುರ್ಚಿ ಹೋಯಿತು. ನವೆಂಬರಿನಲ್ಲಿ, ಬರೀ ಸಂಸದನಾಗಿದ್ದಾಗ, ನೆಲದ ಮೇಲೂ ಬಿಡಿ ಅನ್ನೋ ತಿದ್ದುಪಡಿಗೆ ಸಹಿ ಹಾಕಿದ!

ಇದನ್ನು ತಿಕೋಟಾ ಕಡೆಯ ನಮ್ಮ ಕಾಕಾನ ಮುಂದೆ ಹೇಳಿದೆ. ಕಾಕಾನೂ ಮಾತು ಬದಲಿಸಿದೋನೇ. ಫ್ಯಾನಿಗೆಂದು (ಗಾಳಿಯಂತ್ರಕ್ಕೆ ನಮ್ಮ ಕಡೆ ಹಾಗನ್ನೋದು) ಹೊಲದ ಬದು ಒಡೆದು ರಸ್ತೆ ಮಾಡಿದಾಗ ಕಾಂಟ್ರ್ಯಾಕ್ಟರನ ಜೀಪಿಗೆ ಅಡ್ಡ ನಿಂತಿದ್ದ. ಈಗ ಆ ರಸ್ತೆಯಿಂದ ಮಳೆಯಲ್ಲೂ ಮಣೂಕದ (ಒಣದ್ರಾಕ್ಷಿಯ) ಗಾಡಿ ಶೆಡ್ಡಿನತನಕ ಬರ್ತದೆ, ಹಾಗಾಗಿ ಫ್ಯಾನ್ ಒಳ್ಳೇದು. ಕೇಳಿದವರಿಗೆಲ್ಲ ಕಾರಣ ಸಮೇತ ಹೇಳ್ತಾನೆ, ಆವಾಗ ಜಗಳಾಡಿದ್ದನ್ನೂ ಮುಚ್ಚಿಡೋದಿಲ್ಲ.

“ಅಲ್ಲೋ ತಮ್ಮಾ, ಕುರ್ಚಿ ಮ್ಯಾಲ ಕುಂತಾಗ ಸಹಿ ಮಾಡಾಕ ಅಂವಗ ಪೆನ್ ಸಿಕ್ಕಿದ್ದಿಲ್ಲೇನ?” ಅಂದ.

2019ರ ಚುನಾವಣೆಯಲ್ಲಿ ಭಾರೀ ಬಹುಮತದಿಂದ ಗೆದ್ದವನಿಗೆ ಪೆನ್ನಿನ ಕೊರತೆ ಇರಲಿಲ್ಲ. ಕೊನೆಗೆ ಆ ಬಿಗಿ ನಿಯಮ ಹೋದದ್ದು 2024ರ ಜುಲೈಯಲ್ಲಿ. ತೆಗೆದವರು ಲೇಬರ್ ಪಕ್ಷದವರು, ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ. ಅಷ್ಟೊತ್ತಿಗೆ ಜಾನ್ಸನ್ ಸಂಸತ್ತಿನಲ್ಲೇ ಇರಲಿಲ್ಲ.