ಒಬ್ಬೊಬ್ಬರಿಗೂ ಒಬ್ಬ ಅತ್ತಿ

ನಿನ್ನೆ ಬ್ಯಾಡಗಿಯಲ್ಲಿ ನಮ್ಮ ಸೋದರತ್ತಿಯ ವರ್ಷದ ಕಾರ್ಯ ಇತ್ತು. ಪೂಜೆ, ಊಟ ಬೇಗ ಮುಗಿಯಿತು. ಆಮೇಲೆ ಪಡಸಾಲೆಯಲ್ಲಿ ಕೂತವರು ಸಂಜೆಯವರೆಗೂ ಏಳಲೇ ಇಲ್ಲ.

ಹಂಗಾಮು ಬಂದರೆ ಅತ್ತಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಕಾಯಿಯ ಎರಡು ಜಾತಿಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಅಂತ ನಮಗೆ ಕಲಿಸಿದ್ದೇ ಅವರು. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಬಣ್ಣ ಜಾಸ್ತಿ, ಖಾರ ಕಡಿಮೆ, ಅದಕ್ಕೇ ನಮ್ಮ ಕಾಯಿಗೆ ಇಷ್ಟು ಹೆಸರು ಅನ್ನುತ್ತಿದ್ದರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ (ಆ ಸೀಮೆಯದೇ ಬೆಳೆ ಅನ್ನುವ ಸರ್ಕಾರದ ಗುರುತು) ಸಿಕ್ಕಾಗ ತಮಗೇ ಪ್ರಶಸ್ತಿ ಬಂದಷ್ಟು ಖುಷಿಪಟ್ಟಿದ್ದರು. ಸರಿನೇ ಅಲ್ವಾ? ಆ ಹೆಸರಿನ ಹಿಂದೆ ಇಂಥ ಎಷ್ಟೋ ಹೆಣ್ಣುಮಕ್ಕಳ ಉರಿಯುವ ಬೆರಳುಗಳಿವೆ. ಅತ್ತಿ ಸಂಜೆ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತರೆ, ಉರಿ ಇಳಿಯುವ ತನಕ ಮೊಮ್ಮಗುವನ್ನು ಮುಟ್ಟುತ್ತಿರಲಿಲ್ಲ.

ಅಪ್ಪನಿಗೆ ನೆನಪಿರುವುದು ಹುಣಸೆಮರ ಹತ್ತಿ ಕಾಯಿ ಉದುರಿಸುತ್ತಿದ್ದ ಅಕ್ಕ. ಅತ್ತಿಯ ಮಗಳಿಗೆ ಸಿಟ್ಟಿನ ಅವ್ವ. ನಮಗೆ ರೊಟ್ಟಿಗೆ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಸವರಿ, ಸುತ್ತಿ ಕೈಗೆ ಕೊಡುವ ಅತ್ತಿ. ಅಪ್ಪ ಹೇಳಿದ್ದರಲ್ಲಿ ಅರ್ಧವೂ ನನಗೆ ಗೊತ್ತಿರಲಿಲ್ಲ. ಅತ್ತಿ ಇದ್ದಾಗಲೇ ಎಲ್ಲರೂ ಹೀಗೆ ಕೂತು, ಅವರ ಎದುರಿಗೇ ಇದನ್ನೆಲ್ಲ ಮಾತಾಡಬೇಕಿತ್ತು. ಎಷ್ಟು ನಗುತ್ತಿದ್ದರೋ.

ಮುಂದಿನ ಹಂಗಾಮಿಗೆ ಹಸಿ ಕೆಂಪು ಕಾಯಿ ಬಂದಾಗ ಎಲ್ಲರೂ ಸೇರಿ ಅವರ ರಂಜಕ ಮಾಡೋಣ ಅಂತ ಮಾತಾಗಿದೆ. ಬೆಳ್ಳುಳ್ಳಿ, ಮೆಂತ್ಯ, ಉಪ್ಪು ಎಲ್ಲರಿಗೂ ಒಪ್ಪಿಗೆ. ಲಿಂಬೆ ಎಷ್ಟು ಅನ್ನುವುದರ ಬಗ್ಗೆ ಅಪ್ಪ ಮತ್ತು ಅತ್ತಿಯ ಮಗಳು ಇವತ್ತೂ ಫೋನಿನಲ್ಲಿ ವಾದ ಮಾಡುತ್ತಿದ್ದಾರೆ.